ಬ್ಯಾಡಗಿ ಮೆಣಸಿನ ಪುಡಿ ದುಬೈಗೆ ಕಳಿಸಬೇಕು ಅಂತಿದ್ದೇವೆ. ಎಲ್ಲಿಂದ ಶುರು ಮಾಡಬೇಕು?

ಕುಂದಗೋಳದ ರೈತ:

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನವನು. ನಮ್ಮೂರು ಮತ್ತು ಅಕ್ಕಪಕ್ಕದ ಹಳ್ಳಿಗಳವರು ಸೇರಿ ಒಂದು ರೈತ ಉತ್ಪಾದಕ ಕಂಪನಿ ಕಟ್ಟಿಕೊಂಡಿದ್ದೇವೆ. ಎಲ್ಲಾ ಎರೆ ಹೊಲ, ಮಳೆ ನಂಬಿದ ಬೆಳೆ. ಬ್ಯಾಡಗಿ ಮೆಣಸಿನಕಾಯಿಯ ಕಡ್ಡಿ, ಡಬ್ಬಿ ಎರಡೂ ಬಗೆ ಬೆಳೆಯುತ್ತೇವೆ. ಈಚೆಗೆ ಹೈಬ್ರಿಡ್ ಹಾಕುವವರೂ ಜಾಸ್ತಿ ಆಗಿದ್ದಾರೆ.

ಇಷ್ಟು ದಿನ ಎಲ್ಲರ ಹಾಗೆ ನಾವೂ ಚೀಲ ತುಂಬಿ ಸೋಮವಾರ, ಗುರುವಾರ ಬ್ಯಾಡಗಿ ಮಾರುಕಟ್ಟೆಗೆ ಒಯ್ಯುತ್ತಿದ್ದೆವು. 2024ರ ಮಾರ್ಚ್‌ನಲ್ಲಿ ರೇಟು ಬಿದ್ದಾಗ ರೈತರು ಸಿಟ್ಟಿಗೆದ್ದು ಮಾರುಕಟ್ಟೆ ಕಚೇರಿಗೆ ನುಗ್ಗಿ, ವಾಹನಗಳಿಗೆ ಬೆಂಕಿ ಹಚ್ಚಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೀರಿ. ಸಿಟ್ಟು ಸುಮ್ನೆ ಬಂದಿದ್ದಲ್ಲ. ಆಮೇಲೆ ನಮ್ಮ ಸಭೆಯಲ್ಲಿ ಒಂದೇ ಮಾತು. ಬರೀ ಕಾಯಿ ಮಾರಿಕೊಂಡು ಕೂತರೆ ಆಗಲ್ಲ, ನಮ್ಮ ಮಾಲಿಗೆ ನಾವೇ ಏನಾದರೂ ಮಾಡಬೇಕು. ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗೆ ಕೇಂದ್ರ ಸರ್ಕಾರ ಮಾಡಿದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಾಲ, ಸಬ್ಸಿಡಿ ಸಿಕ್ಕಿತು. ಪುಡಿ ಮಾಡುವ ಯಂತ್ರ, ಪ್ಯಾಕಿಂಗ್ ಯಂತ್ರ ಹಾಕಿದೆವು. ಹುಬ್ಬಳ್ಳಿ, ಗದಗದ ಅಂಗಡಿಗಳಿಗೆ ಕೊಡುತ್ತಿದ್ದೇವೆ. ತಗೊಂಡವರು ಮತ್ತೆ ಕೇಳಿ ತಗೊಳ್ಳುತ್ತಾರೆ. ಆದರೆ ದೊಡ್ಡ ಕಂಪನಿಗಳ ಪ್ಯಾಕೆಟ್ ಮುಂದೆ ನಮ್ಮದು ನಿಧಾನ.

ನಮ್ಮ ಚಿಕ್ಕಪ್ಪನ ಮಗ ದುಬೈನಲ್ಲಿದ್ದಾನೆ. ಅಲ್ಲಿ ನಮ್ಮ ಮೆಣಸಿನಕಾಯಿಗೆ ಬೇಡಿಕೆ ಚೆನ್ನಾಗಿದೆ, ಪುಡಿ ಕಳಿಸಿ ಅಂತಾನೆ. ಇನ್ನೊಬ್ಬರು ಬಂದು, ಲೈಸೆನ್ಸ್ ಎಲ್ಲಾ ಮಾಡಿಸಿ ಖರೀದಿದಾರರನ್ನೂ ಹುಡುಕಿಕೊಡ್ತೀನಿ ಅಂತ ಮೊದಲೇ ದೊಡ್ಡ ಮೊತ್ತ ಕೇಳುತ್ತಿದ್ದಾರೆ. ನಮ್ಮ ಸದಸ್ಯರು ಕೊಟ್ಟುಬಿಡೋಣ ಅಂತಿದ್ದಾರೆ. ನನಗೆ ಧೈರ್ಯ ಬರುತ್ತಿಲ್ಲ.

ಯಾವ ಯಾವ ಕಾಗದ ಬೇಕು? ಮೊದಲು ದುಬೈ ಸರಿನಾ, ಅಥವಾ ಯುರೋಪ್, ಅಮೆರಿಕ ಕಡೆ ನೋಡಬೇಕಾ? ನಮ್ಮಂಥ ಸಣ್ಣವರು ನೇರವಾಗಿ ಕಳಿಸೋಕೆ ಆಗುತ್ತಾ? ತಿಳಿದವರು ದಯವಿಟ್ಟು ಹೇಳಿ.


ಹಡಗು ಕಂಟೇನರ್:

ಆ ಮನುಷ್ಯನಿಗೆ ದುಡ್ಡು ಕೊಡಬೇಡಿ. ಬೇಕಾದ ನೋಂದಣಿಗಳನ್ನೆಲ್ಲಾ ನೀವೇ ಆನ್‌ಲೈನ್‌ನಲ್ಲಿ ಮಾಡಿಕೊಳ್ಳಬಹುದು. ನಾನು ಕ್ಲಿಯರಿಂಗ್ ಏಜೆಂಟ್ ಆಫೀಸಲ್ಲಿ ಕೆಲಸ ಮಾಡುವವನು. ದಿನಾ ಇದೇ ಕಾಗದಗಳ ಜೊತೆ ಇರುತ್ತೇನೆ.

ಮೊದಲು ಐಇಸಿ, ಅಂದರೆ ಆಮದು ರಫ್ತು ಕೋಡ್. ಕೇಂದ್ರದ ವಿದೇಶ ವ್ಯಾಪಾರ ಇಲಾಖೆಯಾದ ಡಿಜಿಎಫ್‌ಟಿ ವೆಬ್‌ಸೈಟಿನಲ್ಲಿ 500 ರೂಪಾಯಿ ಶುಲ್ಕ. ಕಂಪನಿಯ ಪ್ಯಾನ್, ಬ್ಯಾಂಕ್ ಖಾತೆ ಇದ್ದರೆ ಸಾಕು. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ಅಪ್‌ಡೇಟ್ ಮಾಡಬೇಕು, ಏನೂ ಬದಲಾಗದಿದ್ದರೂ ಮಾಡಬೇಕು. ತುಂಬಾ ಜನ ಇದನ್ನು ಮರೆತು, ಸರಕು ಬಂದರಿಗೆ ಬಂದ ಮೇಲೆ ಓಡಾಡುತ್ತಾರೆ.

ಮೆಣಸಿನಕಾಯಿ ಮಸಾಲೆ ಪದಾರ್ಥ. ಹಾಗಾಗಿ ಹಣ್ಣು, ತರಕಾರಿಯಂಥ ಕೃಷಿ ಉತ್ಪನ್ನಗಳ ರಫ್ತು ನೋಡಿಕೊಳ್ಳುವ ಅಪೇಡಾ ಅಲ್ಲ, ಮಸಾಲೆ ಮಂಡಳಿ, ಅಂದರೆ ಸ್ಪೈಸಸ್ ಬೋರ್ಡ್. ಅಲ್ಲಿ ಮಸಾಲೆ ರಫ್ತುದಾರರ ನೋಂದಣಿ ಪತ್ರ ತೆಗೆದುಕೊಳ್ಳಬೇಕು, ಇದನ್ನು ಸಿಆರ್‌ಇಎಸ್ ಅಂತಾರೆ. ಅದಿಲ್ಲದೆ ಮಸಾಲೆ ರಫ್ತು ಮಾಡುವ ಹಾಗಿಲ್ಲ. ತಯಾರಕ, ವ್ಯಾಪಾರಿ ಅಂತ ಎರಡು ಬಗೆ ಇದೆ. ನಿಮ್ಮದೇ ಯಂತ್ರ ಇರೋದರಿಂದ ತಯಾರಕರಾಗಿ ಹಾಕಿ.

ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐನಲ್ಲಿ ಈಗ ನಿಮ್ಮ ಹತ್ತಿರ ಇರೋದು ರಾಜ್ಯದ ಲೈಸೆನ್ಸ್ ಇರಬಹುದು. ರಫ್ತಿಗೆ ಕೇಂದ್ರದ ಲೈಸೆನ್ಸ್ ಬೇಕು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಎಲ್‌ಯುಟಿ ಅನ್ನುವ ಮುಚ್ಚಳಿಕೆ ಪತ್ರ ಹಾಕಿದರೆ ತೆರಿಗೆ ಕಟ್ಟದೆ ಕಳಿಸಬಹುದು. ವಿದೇಶಿ ಹಣದ ವ್ಯವಹಾರಕ್ಕೆ ಬ್ಯಾಂಕ್ ಕೊಡುವ ಎಡಿ ಕೋಡ್ ತೆಗೆದುಕೊಂಡು ನೀವು ಬಳಸುವ ಬಂದರಿನಲ್ಲಿ ನೋಂದಾಯಿಸಬೇಕು.

ಯುಎಇ ಜೊತೆ ನಮ್ಮ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ. ಅಲ್ಲಿ ಸಾಮಾನ್ಯ ಸುಂಕ ಶೇ 5. ಒಪ್ಪಂದದ ರಿಯಾಯಿತಿ ನಿಮ್ಮ ಸರಕಿಗೆ ಸಿಗಬೇಕಾದರೆ, ಅದು ಭಾರತದ್ದೇ ಅಂತ ಹೇಳುವ ಮೂಲ ಪ್ರಮಾಣಪತ್ರ ಜೊತೆಗಿರಬೇಕು. ಇದೂ ಆನ್‌ಲೈನ್. ಖರೀದಿದಾರ ಮೊದಲು ಕೇಳುವುದೇ ಅದನ್ನ.

ಮೊದಲ ಸಲಕ್ಕೆ ಪೂರ್ತಿ ಕಂಟೇನರ್ ತುಂಬಿಸಬೇಕು ಅಂತೇನಿಲ್ಲ. ಬೇರೆಯವರ ಸರಕಿನ ಜೊತೆ ಸೇರಿಸಿ ಕಳಿಸುವ ವ್ಯವಸ್ಥೆ ಇದೆ, ಎಲ್‌ಸಿಎಲ್ ಅಂತಾರೆ. ನಿಮ್ಮ ಕಡೆಯಿಂದ ಮುಂಬಯಿಯ ನ್ಹಾವಾ ಶೇವಾ ಅಥವಾ ಮಂಗಳೂರು. ಎರಡೂ ಕಡೆ ರೇಟು ಕೇಳಿ. ಆದರೆ ಎಲ್‌ಸಿಎಲ್‌ನಲ್ಲಿ ಪಕ್ಕದ ಸರಕು ಏನು ಅಂತ ತಪ್ಪದೆ ಕೇಳಿ. ಮೆಣಸಿನ ಪುಡಿ ಬೇರೆ ವಾಸನೆಯನ್ನು ಬೇಗ ಹಿಡಿಯುತ್ತೆ.


ಲ್ಯಾಬ್‌ನವಳು:

ಮೇಲಿನವರು ಹೇಳಿದ ಕಾಗದಗಳೆಲ್ಲಾ ಸರಿ. ಅವು ಓಡಾಡಿದರೆ ಆಗುವ ಕೆಲಸ. ನಾನು ಹೇಳೋದು ಓಡಾಡಿದರೂ ಆಗದ ಕೆಲಸದ ಬಗ್ಗೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ನನ್ನ ತವರು ಬ್ಯಾಡಗಿ ಹತ್ತಿರ. ಮಸಾಲೆ ರಫ್ತು ಮಾಡುವ ಒಂದು ಕಂಪನಿಯ ಗುಣಮಟ್ಟ ವಿಭಾಗದಲ್ಲಿ ತುಂಬಾ ವರ್ಷ ಇದ್ದೇನೆ. ನಮ್ಮೂರ ಮೆಣಸಿನಕಾಯಿ ಲ್ಯಾಬಿನ ಮೇಜಿಗೆ ಬಂದು ಫೇಲ್ ಆಗುವುದನ್ನು ನೋಡುವಾಗ ಆಗುವ ಸಂಕಟ ನನಗೆ ಗೊತ್ತು. ಅದರಲ್ಲಿ ಬಣ್ಣಕ್ಕೆ ಕೊರತೆ ಇರಲ್ಲ, ರುಚಿಗೆ ಕೊರತೆ ಇರಲ್ಲ. ಫೇಲ್ ಆಗೋದು ಒಣಗಿಸುವ ಕಣದಲ್ಲಿ.

ಅಫ್ಲಾಟಾಕ್ಸಿನ್ ಅನ್ನೋದು ಬೂಷ್ಟು ಬಿಡುವ ವಿಷ. ಆಸ್ಪರ್ಜಿಲಸ್ ಅನ್ನೋ ಬೂಷ್ಟು, ಕಾಯಿ ಸರಿಯಾಗಿ ಒಣಗದಿದ್ದರೆ ಬರುತ್ತೆ. ನಮ್ಮ ದೇಶದಲ್ಲಿ ಮಸಾಲೆಗೆ ಒಟ್ಟು ಅಫ್ಲಾಟಾಕ್ಸಿನ್ ಮಿತಿ ಕೆಜಿಗೆ 30 ಮೈಕ್ರೋಗ್ರಾಂ. ಯುರೋಪಿನಲ್ಲಿ 10. ಅದರಲ್ಲೂ ಬಿ1 ಅನ್ನುವ ಬಗೆ 5 ದಾಟಬಾರದು. ಅಂದರೆ ಹುಬ್ಬಳ್ಳಿಯಲ್ಲಿ ಕಾನೂನಿನ ಪ್ರಕಾರ ಪೂರ್ತಿ ಸರಿ ಇರುವ ಪುಡಿ ಯುರೋಪಿನ ಬಂದರಿನಲ್ಲಿ ವಾಪಸ್ ಆಗಬಹುದು. ಅಲ್ಲೇ ನಾಶ ಮಾಡಿದರೆ ಆ ಖರ್ಚೂ ಕಳಿಸಿದವರ ತಲೆ ಮೇಲೆ.

ಡಬ್ಬಿ ಕಾಯಿ ಒಂದನ್ನ ಕೈಗೆ ತಗೊಳ್ಳಿ. ಹೊರಗೆ ನೆರಿಗೆ ನೆರಿಗೆಯಾಗಿ, ಕಡುಗೆಂಪಾಗಿ ಚೆಂದ ಕಾಣುತ್ತೆ. ಉದ್ದಕ್ಕೆ ಸೀಳಿ. ಸರಿಯಾಗಿ ಒಣಗಿದ್ದರೆ ಒಳಗಿನ ಬೀಜ ಹಳದಿ ಬಣ್ಣದಲ್ಲಿ ಬಿಡಿ ಬಿಡಿಯಾಗಿ ಉದುರುತ್ತೆ. ತೇವ ಉಳಿದಿದ್ದರೆ ಬೀಜ ಒಂದಕ್ಕೊಂದು ಅಂಟಿರುತ್ತೆ, ತೊಟ್ಟಿನ ಬುಡದಲ್ಲಿ ಬೂದು ಬಣ್ಣದ ಪುಡಿ ಕೂತಿರುತ್ತೆ. ಹೊರಗಿನಿಂದ ಏನೂ ಗೊತ್ತಾಗಲ್ಲ. ಡಬ್ಬಿ ದಪ್ಪ, ಬೀಜ ಜಾಸ್ತಿ, ಒಳಗೆ ಒಣಗೋದು ನಿಧಾನ. ಕಡ್ಡಿ ಸಣಕಲು, ಬೇಗ ಒಣಗುತ್ತೆ. ಎರಡನ್ನೂ ಒಂದೇ ಕಣದಲ್ಲಿ ಹರಡಿ ಒಂದೇ ದಿನ ಎತ್ತಿದರೆ ಒಂದು ಹಸಿ ಉಳಿಯುತ್ತೆ.

ಇನ್ನೊಂದು ಮಾತು. ಈ ವಿಷ ಎಲ್ಲಾ ಕಾಯಿಯಲ್ಲೂ ಒಂದೇ ಸಮ ಇರಲ್ಲ. ಒಂದು ಚೀಲದಲ್ಲಿ ಕೈಬೆರಳೆಣಿಕೆಯಷ್ಟು ಕಾಯಿಗಳಲ್ಲಿ ಇರುತ್ತೆ. ಪುಡಿ ಮಾಡಿದಾಗ ಅದು ಇಡೀ ಲಾಟಿಗೆ ಹರಡುತ್ತೆ. ಅದಕ್ಕೇ ಒಂದು ಚೀಲದಿಂದ ಒಂದು ಹಿಡಿ ತೆಗೆದು ಲ್ಯಾಬಿಗೆ ಕೊಟ್ಟು, ರಿಪೋರ್ಟ್ ಚೆನ್ನಾಗಿ ಬಂತು ಅಂತ ಖುಷಿ ಪಡಬೇಡಿ. ಎಷ್ಟೋ ಚೀಲಗಳಿಂದ ಮೇಲೆ, ನಡುವೆ, ಅಡಿಯಿಂದ ತೆಗೆದು, ಎಲ್ಲಾ ಸೇರಿಸಿ ಪುಡಿ ಮಾಡಿ, ಕಲಸಿ, ಅದರಲ್ಲಿ ಒಂದು ಪಾಲು ಕೊಡಬೇಕು.

ನೀರು ಚಿಮುಕಿಸುವ ಅಭ್ಯಾಸ ನಿಮ್ಮ ಕಡೆಯೂ ಇದೆ, ಅಲ್ವಾ? ತುಂಬುವಾಗ ಕಾಯಿ ಮುರಿಯಬಾರದು ಅಂತ ಒಂದು ನೆಪ, ತೂಕ ಬರುತ್ತೆ ಅಂತ ಇನ್ನೊಂದು. ಇದನ್ನ ನಿಲ್ಲಿಸಲೇಬೇಕು. ತೇವ ಶೇ 10, 11ರ ಆಸುಪಾಸು ಇರಬೇಕು. ತೇವ ನೋಡುವ ಸಣ್ಣ ಯಂತ್ರ ಕಂಪನಿಯ ಹೆಸರಲ್ಲಿ ಒಂದು ತಗೊಳ್ಳಿ. ಪ್ಯಾಕಿಂಗ್ ಯಂತ್ರಕ್ಕಿಂತ ಅದು ಮುಖ್ಯ ಅಂತ ನಾನು ಹೇಳ್ತೀನಿ.

ಎರಡನೆಯದು ಕೀಟಕ್ಕೆ ಹೊಡೆಯುವ ಔಷಧದ ಉಳಿಕೆ. 2021ರಲ್ಲಿ ಕಪ್ಪು ಥ್ರಿಪ್ಸ್ ಅನ್ನೋ ಸಣ್ಣ ಕೀಟ ಬಂತಲ್ಲ, ಹೂವಲ್ಲೇ ಕೂತು ಗಿಡ ಸುಟ್ಟ ಹಾಗೆ ಮಾಡಿತು. ಆಗ ಅಂಗಡಿಯವರು ಹೇಳಿದ್ದನ್ನೆಲ್ಲಾ ಹೊಡೆದವರು ಎಷ್ಟೋ ಜನ. ಅವರನ್ನ ನಾನು ದೂರಲ್ಲ, ಬೆಳೆ ಕಣ್ಣೆದುರು ಹೋಗುವಾಗ ಯಾರಾದರೂ ಅದನ್ನೇ ಮಾಡುತ್ತಾರೆ. ಆದರೆ ಯುರೋಪಿನಲ್ಲಿ ಪ್ರತ್ಯೇಕ ಮಿತಿ ಇಲ್ಲದ ಔಷಧಕ್ಕೆ ಕೆಜಿಗೆ 0.01 ಮಿಲಿಗ್ರಾಂ ಅನ್ನೋದೇ ಲೆಕ್ಕ. ಹಸಿ ಕಾಯಿ ಒಣಗಿದಾಗ ನೀರು ಹೋಗುತ್ತೆ, ಔಷಧ ಉಳಿಯುತ್ತೆ, ಕೆಜಿಗೆ ಅದರ ಪ್ರಮಾಣ ಹೆಚ್ಚುತ್ತೆ. ಟ್ರೈಅಜೋಫಾಸ್ ಅನ್ನೋ ಕೀಟನಾಶಕ ನಮ್ಮಲ್ಲೇ 2020ರ ಕೊನೆಗೆ ನಿಷೇಧ ಆಗಿದೆ. ಹಳೇ ಡಬ್ಬ ಮನೆಯಲ್ಲಿ ಉಳಿದಿದ್ದರೆ ಯಾರೂ ಹೊಡೆಯಬಾರದು. ಪ್ರತಿ ಸದಸ್ಯರ ಹೊಲಕ್ಕೆ ಒಂದು ನೋಟ್‌ಬುಕ್ ಇರಲಿ. ಯಾವ ದಿನ, ಯಾವ ಔಷಧ, ಎಷ್ಟು, ಕೊಯ್ಲು ಯಾವಾಗ. ಖರೀದಿದಾರರು ಮುಂದೆ ಕೇಳೋದು ಆ ನೋಟ್‌ಬುಕ್ಕನ್ನ.

ಮೂರನೆಯದು ಸಾಲ್ಮೊನೆಲ್ಲಾ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ. ಬರೀ ನೆಲದ ಮೇಲೆ ಹರಡಿದರೆ ಕೋಳಿ, ನಾಯಿ, ಹಕ್ಕಿ ಎಲ್ಲಾ ಓಡಾಡುತ್ತವೆ. ಅಮೆರಿಕಕ್ಕೆ ಹೋಗುವ ಮಸಾಲೆಯಲ್ಲಿ ಇದು ಸಿಕ್ಕರೆ ಸರಕು ಅಲ್ಲೇ ನಿಲ್ಲುತ್ತೆ. ಇದನ್ನು ಕೊಲ್ಲೋಕೆ ಹಬೆಯಲ್ಲಿ ಹಾಯಿಸುತ್ತಾರೆ, ಅಥವಾ ಎಥಿಲೀನ್ ಆಕ್ಸೈಡ್ ಅನಿಲ ಹಾಕುತ್ತಾರೆ. ಅಮೆರಿಕದಲ್ಲಿ ಆ ಅನಿಲಕ್ಕೆ ಅವಕಾಶ ಇದೆ, ಯುರೋಪಿನಲ್ಲಿ ಇಲ್ಲ. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್, ಸಿಂಗಪುರದಲ್ಲಿ ಭಾರತದ ಕೆಲವು ಮಸಾಲೆಗಳನ್ನು ಹಿಂತೆಗೆದುಕೊಂಡಿದ್ದು ಇದೇ ಅನಿಲದ ಉಳಿಕೆಗೆ. ಆಮೇಲೆ ಆ ಎರಡು ಕಡೆಗೆ ಹೋಗುವ ಮಸಾಲೆಗೆ ಸ್ಪೈಸಸ್ ಬೋರ್ಡ್ ಈ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಯಾರಾದರೂ ಕಡಿಮೆ ದುಡ್ಡಿಗೆ ಶುದ್ಧ ಮಾಡಿಕೊಡ್ತೀನಿ ಅಂದರೆ ಯಾವ ವಿಧಾನದಲ್ಲಿ ಅಂತ ಬರೆದುಕೊಡೋಕೆ ಹೇಳಿ.

ಬಣ್ಣ ಹಾಕುವ ವಿಷಯ ನಿಮಗೆ ಹೇಳಬೇಕಾಗಿಲ್ಲ, ಬ್ಯಾಡಗಿಗೆ ಯಾವ ಬಣ್ಣ ಬೇಕು? ಆದರೂ ಇತಿಹಾಸ ಗೊತ್ತಿರಲಿ. 2003ರಲ್ಲಿ ಭಾರತದಿಂದ ಹೋದ ಮೆಣಸಿನ ಪದಾರ್ಥದಲ್ಲಿ ಸುಡಾನ್ ಅನ್ನುವ ಬಟ್ಟೆ, ಮೇಣಕ್ಕೆ ಹಾಕುವ ಬಣ್ಣ ಫ್ರಾನ್ಸ್‌ನಲ್ಲಿ ಸಿಕ್ಕಿತು. 2005ರಲ್ಲಿ ಅದೇ ಬಣ್ಣದ ಪುಡಿ ಒಂದು ಸಾಸ್‌ಗೆ ಸೇರಿ, ಬ್ರಿಟನ್ನಿನ ಅಂಗಡಿಗಳಿಂದ ನೂರಾರು ಬಗೆಯ ತಿಂಡಿಗಳನ್ನು ವಾಪಸ್ ತೆಗೆಯಬೇಕಾಯ್ತು. ಯಾರೋ ಕೆಲವರು ಮಾಡಿದ್ದಕ್ಕೆ ಇಡೀ ದೇಶದ ಮೆಣಸಿನಕಾಯಿ ಮೇಲೆ ಅನುಮಾನ ಬಂತು. ಇವತ್ತಿಗೂ ನಮ್ಮ ಪ್ರತಿ ಲಾಟಿಗೆ ಈ ಪರೀಕ್ಷೆ ಅಂಟಿಕೊಂಡಿದೆ.

ಈಗ ನಿಮ್ಮ ಪ್ರಶ್ನೆಗೆ. ಯುರೋಪ್, ಅಮೆರಿಕ ಈಗಲೇ ಬೇಡ. ದುಬೈ ಸರಿ. ಆದರೆ ಅದರ ಜೊತೆಗೆ ಇನ್ನೊಂದು ದಾರಿ ಇದೆ, ನಿಮ್ಮ ಕಾಲ ಬುಡದಲ್ಲೇ ಇದೆ. ಓಲಿಯೋರೆಸಿನ್ ಕಂಪನಿಗಳು. ಬ್ಯಾಡಗಿ ಮಾರುಕಟ್ಟೆಯ ದೊಡ್ಡ ಖರೀದಿದಾರರು ಅವರೇ. ಕಾಯಿಯಿಂದ ಕೆಂಪು ಸಾರ ತೆಗೆದು, ಆಹಾರಕ್ಕೆ, ಲಿಪ್‌ಸ್ಟಿಕ್‌ಗೆ ಅಂತ ಹೊರದೇಶಕ್ಕೆ ಕಳಿಸುತ್ತಾರೆ. ಖಾರ ಕಡಿಮೆ, ಬಣ್ಣ ಜಾಸ್ತಿ ಅನ್ನೋ ಗುಣಕ್ಕೆ ಅವರು ದುಡ್ಡು ಕೊಡೋದು. ಔಷಧದ ಉಳಿಕೆ ಇಲ್ಲದ ಕಾಯಿ ಬೆಳೆಸಲು ರೈತರ ಗುಂಪುಗಳ ಜೊತೆ ಅವರು ಒಪ್ಪಂದ ಮಾಡಿಕೊಳ್ಳುತ್ತಾರೆ, ಐಪಿಎಂ (ಸಮಗ್ರ ಕೀಟ ನಿರ್ವಹಣೆ) ಮೆಣಸಿನಕಾಯಿ ಅಂತ ಕರೀತಾರೆ. ಮಾರುಕಟ್ಟೆ ರೇಟಿಗಿಂತ ಮೇಲೆ ಸ್ವಲ್ಪ ಸಿಗುತ್ತೆ. ಅದಕ್ಕಿಂತ ಮುಖ್ಯ, ಅವರ ಲ್ಯಾಬಿನಲ್ಲಿ ನಿಮ್ಮ ಲಾಟಿನ ಪರೀಕ್ಷೆ ಆಗುತ್ತೆ. ನಿಮ್ಮ ಯಾವ ಹಳ್ಳಿಯ ಕಾಯಿ ಪಾಸ್, ಯಾವುದು ಫೇಲ್ ಅಂತ ಸ್ವಂತ ಖರ್ಚಿಲ್ಲದೆ ಗೊತ್ತಾಗುತ್ತೆ. ಒಂದೆರಡು ಹಂಗಾಮು ಹೀಗೆ ನಡೆಸಿದರೆ ನಿಮ್ಮ ಹತ್ತಿರ ತೋರಿಸೋಕೆ ದಾಖಲೆ ಇರುತ್ತೆ.

ಹೊರದೇಶದ ಬೇಡಿಕೆ ಸುಳ್ಳಲ್ಲ. 2023-24ರಲ್ಲಿ ಭಾರತದಿಂದ ಸುಮಾರು 150 ಕೋಟಿ ಡಾಲರ್ ಬೆಲೆಯ ಮೆಣಸಿನಕಾಯಿ ಹೊರಗೆ ಹೋಗಿದೆ, ಮಸಾಲೆಗಳಲ್ಲಿ ಅದೇ ಮೊದಲು. ಆದರೆ ಅದರಲ್ಲಿ ದೊಡ್ಡ ಪಾಲು ಚೀನಾಕ್ಕೆ ಹೋಗುವ ಗುಂಟೂರು ಕಡೆಯ ಖಾರದ ತೇಜಾ ಕಾಯಿ. ಖಾರದ ಲೆಕ್ಕದಲ್ಲಿ ನಾವು ಅವರ ಜೊತೆ ಸೆಣಸೋಕೆ ಹೋಗಬಾರದು. ನಮ್ಮದು ಬಣ್ಣ. ಆ ಬಣ್ಣವನ್ನು ಅಳೆಯುವ ಅಸ್ಟಾ ಅಂಕಿ ಪ್ರತಿ ಲಾಟಿಗೂ ತೆಗೆಸಿ, ಬಿಲ್ಲಿನ ಜೊತೆ ಕಳಿಸಿ. ಪುಡಿ ಬೆಳಕಿಗೆ, ಗಾಳಿಗೆ ಬಣ್ಣ ಕಳೆದುಕೊಳ್ಳುತ್ತಾ ಹೋಗುತ್ತೆ. ಹಾಗಾಗಿ ಕಾಯಿಯನ್ನು ಇಡಿಯಾಗಿ ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟು, ಆರ್ಡರ್ ಬಂದ ಮೇಲೆ ಪುಡಿ ಮಾಡಿ.


ಕರಾಮದ ಕುಂದಾಪ್ರದವ:

ನಾನು ದುಬೈನಲ್ಲಿ ದಿನಸಿ ಹೋಲ್‌ಸೇಲ್ ವ್ಯಾಪಾರದಲ್ಲಿ ಇದ್ದೇನೆ, ದೇರಾದ ಅಲ್ ರಾಸ್ ಕಡೆ. ಲ್ಯಾಬ್‌ನವರು ಹೇಳಿದ್ದಕ್ಕೆ ಇಲ್ಲಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ನಿಮ್ಮ ತಮ್ಮ ಹೇಳಿದ್ದು ನಿಜ. ಬೇಡಿಕೆ ಇದೆ. ಆದರೆ ಯಾರ ಬೇಡಿಕೆ, ಯಾವ ರೂಪದಲ್ಲಿ ಅಂತ ನೋಡಿ. ಇಲ್ಲಿ ಬ್ಯಾಡಗಿ ಕೇಳಿ ತಗೊಳ್ಳುವವರು ನಮ್ಮ ಕರಾವಳಿಯವರು, ಗೋವಾದವರು, ಮತ್ತೆ ಕರಾಮ, ಬರ್ ದುಬೈ ಕಡೆಯ ಹೋಟೆಲುಗಳು. ಕೋಳಿ ಸುಕ್ಕಕ್ಕೆ, ಘೀ ರೋಸ್ಟ್‌ಗೆ, ಮೀನು ಸಾರಿಗೆ ಪುಡಿ ಯಾರೂ ಹಾಕಲ್ಲ. ಇಡೀ ಕಾಯಿ ಹುರಿದು ಅರೆಯುತ್ತಾರೆ. ಅವರಿಗೆ ಬೇಕಾಗಿರೋದು ತೊಟ್ಟು ಬಿಡಿಸಿದ, ಕಸ ಇಲ್ಲದ, ಮುರಿಯದ ಕಾಯಿ. ಹೋಟೆಲಿನ ಅಡುಗೆಯವರು ಕೂತು ತೊಟ್ಟು ಬಿಡಿಸೋಕೆ ಸಮಯ ಇರಲ್ಲ. ತೊಟ್ಟು ತೆಗೆದ ಕಾಯಿಗೆ ಇಲ್ಲಿ ಬೇರೆಯೇ ರೇಟು. ನಿಮ್ಮೂರ ಹೆಣ್ಣುಮಕ್ಕಳಿಗೆ ಆ ಕೆಲಸ ಸಿಗುತ್ತೆ.

ಪುಡಿ ತಗೊಳ್ಳುವವರು ಉತ್ತರ ಭಾರತದವರು, ಪಾಕಿಸ್ತಾನದವರು, ಅರಬ್ಬರು. ಶೆಲ್ಫಿನಲ್ಲಿ ಅವರು ಹುಡುಕೋದು ಕಾಶ್ಮೀರಿ ಮೆಣಸಿನ ಪುಡಿ. ಅಲ್ಲಿ ದೊಡ್ಡ ಬ್ರಾಂಡುಗಳಿವೆ, ಅವರ ರೇಟಿಗೆ ನೀವು ಬರೋಕೆ ಆಗಲ್ಲ. ಸೂಪರ್ ಮಾರ್ಕೆಟ್‌ನಲ್ಲಿ ಜಾಗ ಬೇಕಾದರೆ ಪ್ರತಿ ಐಟಂಗೆ ಮೊದಲೇ ದುಡ್ಡು ಕಟ್ಟಬೇಕು, ಆಮೇಲೆ ಎರಡು ಮೂರು ತಿಂಗಳ ಸಾಲ. ಇದು ನಿಮಗೆ ಈಗ ಬೇಡ. ಹೋಟೆಲಿಗೆ ಕೊಡುವವರನ್ನ, ನಮ್ಮವರ ಸಣ್ಣ ಅಂಗಡಿಗಳಿಗೆ ಹಂಚುವವರನ್ನ ಹಿಡಿಯಿರಿ. ನಿಮ್ಮ ತಮ್ಮನಿಗೆ ಒಂದು ಶುಕ್ರವಾರ ಕರಾಮದಲ್ಲಿ ಸುತ್ತಾಡಿ, ಯಾವ ಹೋಟೆಲಿಗೆ ಯಾರು ಮೆಣಸಿನಕಾಯಿ ಕೊಡುತ್ತಾರೆ ಅಂತ ಬರೆದುಕೊಂಡು ಬರೋಕೆ ಹೇಳಿ. ಅದಕ್ಕಿಂತ ಒಳ್ಳೆಯ ಸಮೀಕ್ಷೆ ಯಾವ ಏಜೆಂಟೂ ಮಾಡಿಕೊಡಲ್ಲ.

ಚಿಲ್ಲರೆ ಪ್ಯಾಕೆಟ್ ಆದರೆ ಲೇಬಲ್ ಅರೇಬಿಕ್‌ನಲ್ಲೂ ಇರಬೇಕು. ಸ್ಟಿಕ್ಕರ್ ಆದರೂ ನಡೆಯುತ್ತೆ, ಆದರೆ ಮುದ್ರಿಸುವ ಮೊದಲು ಇಲ್ಲಿನ ಆಮದುದಾರನಿಗೆ ವಿನ್ಯಾಸ ಕಳಿಸಿ ಒಪ್ಪಿಗೆ ತಗೊಳ್ಳಿ. ತಯಾರಿಸಿದ ದಿನ, ಮುಗಿಯುವ ದಿನ ಎರಡೂ ಸ್ಪಷ್ಟ ಇರಬೇಕು. ಆರ್ಡರ್ ಇಲ್ಲದೆ ಪ್ಯಾಕೆಟ್ ತುಂಬಿ ಇಟ್ಟುಕೊಂಡರೆ, ಇಲ್ಲಿ ಬರುವಷ್ಟರಲ್ಲಿ ಅರ್ಧ ಆಯುಷ್ಯ ಮುಗಿದಿದ್ದರೆ ಅಂಗಡಿಯವರು ಮುಟ್ಟಲ್ಲ.

ದುಡ್ಡಿನ ಬಗ್ಗೆ ಗಟ್ಟಿಯಾಗಿ ಹೇಳ್ತೀನಿ. ಇಲ್ಲಿ ಒಂದು ಬಗೆಯ ಮೋಸ ಇದೆ. ಮೊದಲ ಸಣ್ಣ ಸರಕಿಗೆ ಚೊಕ್ಕವಾಗಿ ದುಡ್ಡು ಕೊಡುತ್ತಾರೆ. ಎರಡನೆಯದಕ್ಕೂ ಕೊಡುತ್ತಾರೆ. ಆಮೇಲೆ ದೊಡ್ಡ ಆರ್ಡರ್, ಸಾಲದ ಮೇಲೆ. ಸರಕು ಬಿಡಿಸಿಕೊಂಡ ಮೇಲೆ ಆಫೀಸೂ ಇರಲ್ಲ, ಫೋನೂ ಇರಲ್ಲ. ಒಂದು ಭಾಗ ಮುಂಗಡ, ಉಳಿದದ್ದು ಬ್ಯಾಂಕ್ ಮೂಲಕ ಕಾಗದ ಬಿಡಿಸಿಕೊಳ್ಳುವಾಗ. ಇದಕ್ಕೆ ಒಪ್ಪದವರಿಗೆ ಕೊಡಬೇಡಿ. ಇಸಿಜಿಸಿ ಅಂತ ಕೇಂದ್ರ ಸರ್ಕಾರದ ಕಂಪನಿ ಇದೆ, ಹೊರದೇಶದ ಖರೀದಿದಾರ ದುಡ್ಡು ಕೊಡದಿದ್ದರೆ ಅದಕ್ಕೆ ವಿಮೆ ಮಾಡುತ್ತಾರೆ. ಮಾಡಿಸಿಕೊಳ್ಳಿ.


ಕುಂದಗೋಳದ ರೈತ:

ಎಲ್ಲರಿಗೂ ತುಂಬಾ ಧನ್ಯವಾದ. ಏಜೆಂಟ್‌ಗೆ ಬೇಡ ಅಂತ ಹೇಳಿಬಿಟ್ಟೆ. ಐಇಸಿ ಅರ್ಜಿ ಹಾಕುತ್ತಿದ್ದೇವೆ.

ಅಕ್ಕಾ, ನಿಮ್ಮ ಮಾತು ಓದಿ ನಮ್ಮ ಗೋದಾಮಿನಲ್ಲಿ ಇದ್ದ ಡಬ್ಬಿ ಕಾಯಿ ಸೀಳಿ ನೋಡಿದೆವು. ಎಲ್ಲದರಲ್ಲೂ ಇಲ್ಲ, ಆದರೆ ಕೆಲವದರಲ್ಲಿ ನೀವು ಹೇಳಿದ ಹಾಗೆಯೇ ಬೂದು ಇದೆ. ಸದಸ್ಯರು ಕೈಯಲ್ಲಿ ಹಿಡಿದು ನೋಡಿದ ಮೇಲೆ ಯಾರೂ ವಾದ ಮಾಡಲಿಲ್ಲ. ಈಗ ಎರಡು ಪ್ರಶ್ನೆ. ಒಣಗಿಸೋಕೆ ಏನು ಮಾಡೋದು? ಎಲ್ಲರಿಗೂ ಸಿಮೆಂಟ್ ಕಣ ಕಟ್ಟಿಸೋಕೆ ದುಡ್ಡಿಲ್ಲ. ಇನ್ನೊಂದು, ನಮ್ಮಲ್ಲಿ ಕೆಲವರು ಬೆಳೆದಿರೋದು ಹೈಬ್ರಿಡ್. ಅದನ್ನೂ ಸೇರಿಸಿ ಬ್ಯಾಡಗಿ ಅಂತ ಕಳಿಸಿದರೆ ತೊಂದರೆ ಆಗುತ್ತಾ? ಬಣ್ಣ ಹೆಚ್ಚು ಕಡಿಮೆ ಒಂದೇ ಕಾಣುತ್ತೆ.


ಗದಗ ಹೊಲದವರು:

ಒಣಗಿಸುವ ವಿಷಯ ನಾನು ಹೇಳ್ತೀನಿ, ನಮ್ಮ ಗುಂಪಿನಲ್ಲಿ ಮಾಡುತ್ತಿದ್ದೇವೆ. ಸಿಮೆಂಟ್ ಕಣ ಬೇಕೇ ಬೇಕು ಅಂತಿಲ್ಲ. ಒಳ್ಳೆ ತಾಡಪತ್ರಿ ಹಾಸಿ, ತೆಳ್ಳಗೆ ಹರಡಿ. ನಮ್ಮಲ್ಲಿ ಮೊದಲು ರಾಶಿ ದಪ್ಪ ಹಾಕುತ್ತಿದ್ದರು, ಮೇಲೆ ಒಣಗಿ ಕೆಳಗೆ ಬೆವರುತ್ತಿತ್ತು. ದಿನಕ್ಕೆ ಮೂರ್ನಾಲ್ಕು ಸಲ ಕೈಯಾಡಿಸಬೇಕು. ಡಿಸೆಂಬರ್, ಜನವರಿಯಲ್ಲಿ ಇಬ್ಬನಿ ಜೋರು. ಸಂಜೆ ಐದರ ಒಳಗೆ ಗುಡ್ಡೆ ಮಾಡಿ ಮುಚ್ಚಿ, ಬೆಳಿಗ್ಗೆ ಬಿಸಿಲು ಏರಿದ ಮೇಲೆ ತೆಗೆಯಿರಿ. ಡಬ್ಬಿಯನ್ನು ಬೇರೆ ಹಾಕಿ, ಕಡ್ಡಿಗಿಂತ ಇನ್ನೂ ಕೆಲವು ದಿನ ಬಿಡಿ. ಬಿಳಿಚಿದ ಕಾಯಿ, ಹಣ್ಣಾಗದ ಕಾಯಿ, ನೆಲಕ್ಕೆ ಬಿದ್ದ ಕಾಯಿ ಕಣದಲ್ಲೇ ಬೇರೆ ಆಗಬೇಕು, ಚೀಲಕ್ಕೆ ಹೋದ ಮೇಲೆ ಆರಿಸೋಕೆ ಆಗಲ್ಲ. ಒಂದು ಹಿಡಿ ಎತ್ತಿ ಅಲ್ಲಾಡಿಸಿದರೆ ಬೀಜ ಗಲಗಲ ಅನ್ನಬೇಕು. ಅಲ್ಲಿವರೆಗೆ ಚೀಲ ಕಟ್ಟಬೇಡಿ.

ಗುಂಪಿಗೆ ಒಂದು ಸೋಲಾರ್ ಡ್ರೈಯರ್ ಬೇಕಿದ್ದರೆ ಕೃಷಿ ಇಲಾಖೆ, ತೋಟಗಾರಿಕೆ ಇಲಾಖೆ ಎರಡರಲ್ಲೂ ಕೇಳಿ. ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ, ಅಂದರೆ ಕೆಪೆಕ್‌ನವರನ್ನೂ ಕೇಳಿ, ನಿಮಗೆ ಪಿಎಂಎಫ್‌ಎಂಇ ಸಿಕ್ಕಿದ್ದು ಅವರ ಮೂಲಕವೇ. ಆ ಯೋಜನೆಯಲ್ಲಿ ಕೇಂದ್ರದ ಶೇ 35ರ ಜೊತೆ ನಮ್ಮ ರಾಜ್ಯ ಶೇ 15 ಸೇರಿಸುತ್ತೆ ಅನ್ನೋದು ನಿಮಗೆ ಆಗಲೇ ಗೊತ್ತಿರುತ್ತೆ.


ಲ್ಯಾಬ್‌ನವಳು:

ಗದಗದವರು ಹೇಳಿದ್ದಕ್ಕೆ ನಾನು ಸೇರಿಸೋಕೆ ಏನೂ ಇಲ್ಲ. ತಾಡಪತ್ರಿ ಹಳೇದಾಗಿ ಪುಡಿ ಉದುರುತ್ತಿದ್ದರೆ ಬದಲಿಸಿ, ಪ್ಲಾಸ್ಟಿಕ್ ಚೂರು ಪುಡಿಯಲ್ಲಿ ಸಿಗುತ್ತೆ. ಯಂತ್ರದ ಬಾಯಲ್ಲೂ, ಹೊರಗೆ ಬರುವಲ್ಲೂ ಅಯಸ್ಕಾಂತ ಇರಲಿ.

ಬೂದು ಕಂಡ ಆ ಲಾಟನ್ನ ದಯವಿಟ್ಟು ಪುಡಿ ಮಾಡಬೇಡಿ, ಹುಬ್ಬಳ್ಳಿ ಅಂಗಡಿಗೂ ಬೇಡ. ಇಡೀ ಲಾಟು ಬೇರೆ ಇಟ್ಟು, ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿಗೆ ಸ್ಯಾಂಪಲ್ ಕೊಟ್ಟು, ರಿಪೋರ್ಟ್ ನೋಡಿ ತೀರ್ಮಾನ ಮಾಡಿ. ನಮ್ಮ ಮಕ್ಕಳು ತಿನ್ನುವುದಕ್ಕೂ ಅದೇ ಅಳತೆ ಇರಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಹೈಬ್ರಿಡ್ ಬಗ್ಗೆ. ಬೇಡ, ಸೇರಿಸಬೇಡಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿ, ಅಂದರೆ ಜಿಐ ಟ್ಯಾಗ್ ಸಿಕ್ಕಿದೆ. ಆ ಹೆಸರನ್ನು ಪ್ಯಾಕೆಟ್ ಮೇಲೆ ಹಾಕಿಕೊಳ್ಳಬೇಕಾದರೆ ಚೆನ್ನೈನ ಜಿಐ ನೋಂದಣಿ ಕಚೇರಿಯಲ್ಲಿ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ನಿಮ್ಮ ಕಂಪನಿ ಅದನ್ನು ಮಾಡಿಸಲಿ. ಕಡ್ಡಿ, ಡಬ್ಬಿ ಬೆಳೆದವರ ಕಾಯಿ ಒಂದು ಲಾಟು, ಹೈಬ್ರಿಡ್ ಇನ್ನೊಂದು ಲಾಟು. ಚೀಲದ ಬಣ್ಣವೇ ಬೇರೆ ಇಡಿ. ಹೈಬ್ರಿಡ್ ಮಾರಬಾರದು ಅಂತಲ್ಲ, ಅದಕ್ಕೂ ಗಿರಾಕಿ ಇದ್ದಾರೆ, ಅದರ ಹೆಸರಲ್ಲೇ ಮಾರಿ. ಕರಾಮದ ಅಡುಗೆಯವನಿಗೆ ಅರೆದ ಮೊದಲ ದಿನವೇ ವ್ಯತ್ಯಾಸ ಗೊತ್ತಾಗುತ್ತೆ, ಖಾರ ಬೇರೆ ಬರುತ್ತೆ.

ಬಿತ್ತನೆ ಬೀಜವನ್ನೂ ಈ ವರ್ಷವೇ ನೋಡಿಕೊಳ್ಳಿ. ಒಳ್ಳೆ ಕಡ್ಡಿ ಗಿಡ ಇರುವ ಹೊಲ ಗುರುತಿಸಿ, ಹೈಬ್ರಿಡ್ ಹೊಲದಿಂದ ದೂರ ಇರುವುದನ್ನೇ ಆರಿಸಿ. ಮೆಣಸಿನ ಗಿಡದಲ್ಲಿ ಪರಾಗ ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುತ್ತೆ, ಹತ್ತಿರ ಇದ್ದರೆ ತಳಿ ಕೆಡುತ್ತೆ.


ಕರಾಮದ ಕುಂದಾಪ್ರದವ:

ತೊಟ್ಟು ಬಿಡಿಸಿದ ಕಡ್ಡಿ, ಡಬ್ಬಿ ಎರಡರ ಸ್ಯಾಂಪಲ್ ಬೇರೆ ಬೇರೆ ಪ್ಯಾಕ್ ಮಾಡಿ, ತೇವ, ಅಫ್ಲಾಟಾಕ್ಸಿನ್, ಬಣ್ಣದ ರಿಪೋರ್ಟ್ ಜೊತೆ ನಿಮ್ಮ ತಮ್ಮನ ಕೈಗೆ ಕಳಿಸಿ. ರಿಪೋರ್ಟಿನಲ್ಲಿರುವ ಲಾಟ್ ನಂಬರೇ ಪ್ಯಾಕೆಟ್ ಮೇಲೂ ಇರಲಿ. ಇಲ್ಲಿ ನಮ್ಮವರ ಹೋಟೆಲುಗಳಲ್ಲಿ ನಾಲ್ಕೈದು ಕಡೆ ನಾನೇ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಅಡುಗೆಯವರು ಅರೆದು ನೋಡಿ ಏನು ಹೇಳುತ್ತಾರೋ ಅದನ್ನ ಇಲ್ಲೇ ಬರೆಯುತ್ತೇನೆ. ಪುಡಿಯನ್ನೂ ಕಾಲು ಕೆಜಿ ಇಡಿ, ಒಂದು ಬೇಕರಿಯವರು ಖಾರದ ಬನ್‌ಗೆ ಕಡಿಮೆ ಖಾರದ ಕೆಂಪು ಪುಡಿ ಹುಡುಕುತ್ತಿದ್ದಾರೆ.